ಗೊನೆ ಗಾಡಿಯ ಎತ್ತುಗಳು

ಸುಳ್ಳು ಹೇಳಿದವಳು ನಾನು, ಅಚ್ಯುತ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅವನನ್ನು ಅನ್ನಬಾರದು. ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಹೊರಟರೆ ಕಿವಿ ಕೆಂಪಗಾಗುತ್ತದೆ. ನನಗೆ ಆ ತೊಂದರೆ ಇಲ್ಲ. ಸಿಂಗಪುರದ ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ಒಂಬತ್ತು ವರ್ಷ ಕಸ್ಟಮರುಗಳ ಎದುರು ಕೂತವಳು, ಮುಖ ಹೇಗಿಟ್ಟುಕೊಳ್ಳಬೇಕೆಂದು ಚೆನ್ನಾಗಿ ಗೊತ್ತು. ಜೊತೆಗೆ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ಎರಡನೇ ಪ್ರಶ್ನೆ ಕೇಳುವ ಮೊದಲೇ ಸಿಡುಕಿ ಬಾಯಿ ಮುಚ್ಚಿಸಿಬಿಡುತ್ತೇನೆ.

ಅಚ್ಯುತ ದನದ ಡಾಕ್ಟರು, ಮೈಸೂರಿನವನು. ಅವನ ಆಫೀಸು ಪಾಸಿರ್ ಪಂಜಾಂಗ್‌ನಲ್ಲಿ, ಕಂಟೇನರುಗಳ ಪಕ್ಕದಲ್ಲಿ. ದನಗಳಿಗೆ ತಿನ್ನಿಸುವ ಮಿನರಲ್ ಮಿಕ್ಸ್ಚರು, ನೊಣ ಓಡಿಸುವ ಔಷಧ, ಇವನ್ನು ಮಾರುವ ಕಂಪನಿ. ಸಿಂಗಪುರದಲ್ಲಿ ದನ ಎಲ್ಲಿವೆ ಎಂದು ಸಿಕ್ಕವರೆಲ್ಲ ನಗುತ್ತಾರೆ. ಇಲ್ಲಿ ಇಲ್ಲ. ದನಗಳಿರುವುದು ಸೇತುವೆ ದಾಟಿದರೆ ಸಿಗುವ ಮಲೇಷ್ಯಾದ ಜೋಹೋರಿನ ತಾಳೆ ತೋಟಗಳಲ್ಲಿ. ಎಣ್ಣೆ ತಾಳೆಯ ಮರಗಳ ಕೆಳಗೆ ಹುಲ್ಲು ಬೆಳೆಯುತ್ತದಲ್ಲ, ಅದನ್ನು ಮೇಯಲು ನೂರಾರು ದನ ಬಿಟ್ಟಿರುತ್ತಾರೆ. ಅವು ಹಾಲಿನ ದನಗಳಲ್ಲ. ಮೇಯಿಸಿ, ತೂಕ ಬರಿಸಿ, ಲಾರಿ ಹತ್ತಿಸಿ ಕಸಾಯಿಖಾನೆಗೆ ಕಳಿಸುವಂಥವು.

ಮದುವೆಯ ಮಾತುಕತೆಯ ದಿನವೇ ನಾನು ಅಚ್ಯುತನನ್ನು ಪಕ್ಕಕ್ಕೆ ಕರೆದು, "ಅಮ್ಮನ ಮುಂದೆ ಡೈರಿ ಅನ್ನು, ಅಷ್ಟೇ ಸಾಕು" ಎಂದಿದ್ದೆ. ಅವನು ಕಾಫಿ ಕುಡಿಯುತ್ತ ಕೂತ. ಅನ್ನಬೇಕಾದ್ದನ್ನೆಲ್ಲ ನಾನೇ ಅಂದೆ. ನನ್ನ ಅಮ್ಮ ಅನಸೂಯ ಮಾಲೂರಿನ ಹತ್ತಿರದ ನಮ್ಮೂರಲ್ಲಿ ಇಪ್ಪತ್ತೆರಡು ವರ್ಷ ಹಾಲಿನ ಸೊಸೈಟಿಯ ಸೆಕ್ರೆಟರಿ. ಮನೆಯಲ್ಲೂ ಯಾವಾಗಲೂ ನಾಲ್ಕೈದು ಹಸು. ಹಸು ಎದ್ದು ನಿಲ್ಲುವ ರೀತಿ ನೋಡಿಯೇ ಅದಕ್ಕೇನು ಕಾಯಿಲೆ ಎಂದು ಹೇಳುವವಳು. ಅವುಗಳಿಗೆ ಹುಲ್ಲು ಹಾಕದೆ ತಾನು ಒಂದು ದಿನವೂ ಬಾಯಿಗೆ ತುತ್ತು ಇಟ್ಟವಳಲ್ಲ. ಅಂಥವಳ ಮುಂದೆ ಅಳಿಯನ ಕೆಲಸ ಹೀಗೆ ಎಂದು ಹೇಗೆ ಹೇಳಲಿ.

ಅಪ್ಪ ತೀರಿಹೋಗಿ ಮೂರು ವರ್ಷವಾಗಿತ್ತು. ೨೦೧೫ರ ನವೆಂಬರ್ ಕೊನೆಯಲ್ಲಿ ಅಮ್ಮ ನನ್ನ ಬಾಣಂತನಕ್ಕೆಂದು ಸೆಂಗ್‌ಕಾಂಗ್‌ನ ನಮ್ಮ ಫ್ಲ್ಯಾಟಿಗೆ ಬಂದಳು. ಹದಿನಾಲ್ಕನೇ ಮಹಡಿ. ಕಿಟಕಿಯ ಕೆಳಗೆ ಎಲ್‌ಆರ್‌ಟಿ ರೈಲು ಹೋಗುವುದನ್ನು ನೋಡಿ, "ಇದೇನೇ, ಎರಡೇ ಡಬ್ಬಿ, ಡ್ರೈವರೂ ಇಲ್ಲ" ಅಂದಳು. ಡಿಸೆಂಬರ್ ಕೊನೆಯಲ್ಲಿ ಚಿರಂತ್ ಹುಟ್ಟಿದ. ಅಮ್ಮ ಅವನಿಗೆ ಎಣ್ಣೆ ನೀರು ಹಾಕುತ್ತ, ನನಗೆ ಬೆಳ್ಳುಳ್ಳಿ ಸಾರು ಕುಡಿಸುತ್ತ ಮೂರು ವಾರ ಕಳೆದಳು. ಅಲ್ಲಿಯವರೆಗೆ ದನದ ಮಾತೇ ಬಂದಿರಲಿಲ್ಲ.

ಸಂಕ್ರಾಂತಿಯ ಮರುದಿನ ಶನಿವಾರ. ಅಚ್ಯುತ ಹಾಲ್‌ನಲ್ಲಿ ಕೂತು ಫೋನಿನಲ್ಲಿ ವಿಡಿಯೋ ಹಾಕಿಕೊಂಡು ತೋಟದ ನಾಗಮಣಿಯ ಜೊತೆ ಒದ್ದಾಡುತ್ತಿದ್ದ. ನಾಗಮಣಿ ಆ ತೋಟದಲ್ಲಿ ದನ ನೋಡಿಕೊಳ್ಳುವ ಹೆಂಗಸು. ಅಲ್ಲೇ ಹುಟ್ಟಿ ಬೆಳೆದ ತಮಿಳರವಳು, ಐವತ್ತರ ಆಸುಪಾಸು. ಅವಳಿಗೆ ತಮಿಳು ಮತ್ತು ಮಲಯ್, ಇವನಿಗೆ ಕನ್ನಡ ಮತ್ತು ಇಂಗ್ಲಿಷ್. "ಈಟಿಂಗ್? ನೋ ಈಟಿಂಗ್?" ಎಂದು ಇವನು ಕೂಗುವುದು, ಅವಳು ಅತ್ತ ತಲೆಯಾಡಿಸುವುದು. ಅಮ್ಮನಿಗೆ ಸಹಿಸಲಾಗಲಿಲ್ಲ. ಮಾಲೂರಿನ ಕಡೆಯವರಿಗೆ ತಮಿಳು ತೆಲುಗು ಎರಡೂ ಬಾಯಲ್ಲೇ ಇರುತ್ತವೆ. ಮಗುವಿನ ಎಣ್ಣೆ ಹತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಕೊಡಿ ಇಲ್ಲಿ ಅಳಿಯಂದ್ರೆ, ನಾನು ಕೇಳ್ತೀನಿ" ಎಂದು ಫೋನು ಇಸಕೊಂಡಳು.

ಪರದೆಯ ಮೇಲೆ ದನಗಳು. ನಾಗಮಣಿ ಹಿಂದಿನ ದಿನವಷ್ಟೇ ಪೊಂಗಲ್ ಮಾಡಿದ್ದಳು, ಕೆಲವುಗಳ ಹಣೆಯಲ್ಲಿ ಅರಿಸಿನ ಕುಂಕುಮ ಇನ್ನೂ ಇತ್ತು. ಅದನ್ನು ನೋಡಿ ಅಮ್ಮನ ಮುಖ ಅರಳಿತು. ಆಮೇಲೆ ಹುಬ್ಬು ಗಂಟಿಕ್ಕಿದಳು. ದನಗಳು ಮೇಯದೆ ಒಂದಕ್ಕೊಂದು ಅಂಟಿಕೊಂಡು ನೆರಳಿನಲ್ಲಿ ನಿಂತಿದ್ದವು. ಬಾಲ ಬೀಸುತ್ತಿದ್ದವು, ಕಾಲು ಝಾಡಿಸುತ್ತಿದ್ದವು. ಬೆನ್ನ ಮೇಲೆ, ಕಣ್ಣಿನ ಸುತ್ತ ಕರ್ರಗೆ ನೊಣ. ಒಂದು ಹೋರಿ ಬೇಲಿಗೆ ಸಿಕ್ಕಿದ್ದ ಹಳೇ ಬಟ್ಟೆಯನ್ನು ಜಗಿಯುತ್ತಿತ್ತು, ಇನ್ನೊಂದು ಮಣ್ಣು ನೆಕ್ಕುತ್ತಿತ್ತು.

"ಇವಕ್ಕೆ ಉಪ್ಪಿಲ್ಲ, ಮಿನರಲ್ಲೂ ಇಲ್ಲ. ಬಟ್ಟೆ ತಿನ್ನೋದು ಅದಕ್ಕೇ" ಅಂದಳು ಅಮ್ಮ.

"ದಿನಾ ಹಾಕ್ತಾರೆ ಅತ್ತೆ. ತೊಟ್ಟಿ ತುಂಬ ಇದೆ. ಅವು ತಿನ್ನೋದೇ ಇಲ್ಲ, ಅದೇ ಪ್ರಾಬ್ಲಂ" ಅಂದ ಅಚ್ಯುತ. ತನ್ನ ಮಿಕ್ಸ್ಚರು ತಿಂದ ದನ ಎಷ್ಟು ತೂಕ ಬರುತ್ತದೆಂದು ನೋಡಲು ಆ ತೋಟದಲ್ಲಿ ಅವನ ಕಂಪನಿ ಒಂದು ಟ್ರಯಲ್ ನಡೆಸುತ್ತಿತ್ತು. ಅದು ಕೆಟ್ಟರೆ ಅವನ ಮಾತಿಗೆ ಆಫೀಸಿನಲ್ಲಿ ಬೆಲೆ ಇರುತ್ತಿರಲಿಲ್ಲ.

"ತೊಟ್ಟಿ ಎಲ್ಲಿದೆ?"

ಗೇಟಿನ ಹತ್ತಿರ ಇತ್ತು. ಮೂಟೆ ಇಳಿಸುವವರಿಗೆ ಅನುಕೂಲವೆಂದು ಅಲ್ಲಿಟ್ಟಿದ್ದರು. ಬಿರುಬಿಸಿಲಿನಲ್ಲಿ ಅಲ್ಲಿಯವರೆಗೆ ಯಾವ ದನ ನಡೆದುಬಂದೀತು. ಅಮ್ಮ ನಾಗಮಣಿಗೆ ತಮಿಳಿನಲ್ಲಿ ಒಂದೊಂದಾಗಿ ಹೇಳಿದಳು. ತೊಟ್ಟಿಯನ್ನು ನೀರು ಕುಡಿಯುವ ಕಡೆಗೆ ಸಾಗಿಸು. ಎರಡು ಮರಗಳ ನಡುವೆ ಇಡು, ಮೇಲೊಂದು ತಗಡು ಹೊದಿಸು. ಮೊದಲ ಎರಡು ವಾರ ಮಿಕ್ಸ್ಚರಿನ ಮೇಲೆ ಬೆಲ್ಲದ ನೀರು ಚಿಮುಕಿಸು, ರುಚಿ ಹತ್ತಲಿ. ಆ ಎರಡು ಮರಗಳಿಗೆ ಹಗ್ಗ ಕಟ್ಟಿ, ದನದ ಬೆನ್ನಿಗೆ ತಾಗುವ ಎತ್ತರಕ್ಕೆ ಗೋಣಿಚೀಲ ಇಳಿಬಿಡು. ಡಾಕ್ಟರು ಕೊಟ್ಟಿರುವ ನೊಣದ ಔಷಧವನ್ನು ಎಣ್ಣೆಯಲ್ಲಿ ಕಲೆಸಿ ಆ ಚೀಲಕ್ಕೆ ಕುಡಿಸು. ಉಪ್ಪಿಗೆ ಬಂದದ್ದೆಲ್ಲ ಬೆನ್ನು ಸವರಿಕೊಂಡೇ ಒಳಗೆ ಹೋಗಬೇಕು. ಯಾರೂ ಹಿಡಿದು ಕಟ್ಟುವ ಹಾಗಿಲ್ಲ, ಬೆದರಿಸುವ ಹಾಗಿಲ್ಲ.

ಅಮ್ಮ ಅದನ್ನೇ ಕನ್ನಡದಲ್ಲಿ ಹೇಳಿದಾಗ ಅಚ್ಯುತ ಬಾಯಿಬಿಟ್ಟುಕೊಂಡು ಕೇಳಿದ. ಎಣ್ಣೆ ಚೀಲ ಅವರ ಕ್ಯಾಟಲಾಗಿನಲ್ಲೂ ಇತ್ತಂತೆ, ಮಿಕ್ಸ್ಚರೂ ಇತ್ತು. ಎರಡನ್ನೂ ಒಂದೇ ಕಡೆ ಇಡಬೇಕೆಂದು ಆ ತೋಟದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅಮ್ಮ ಕೇಳಿದಳು: "ಅಲ್ಲಾ, ಇದರಲ್ಲಿ ಬೀಜ ಒಡೆದ ಹೋರಿಗಳೇ ಜಾಸ್ತಿ ಇವೆಯಲ್ಲ. ಡೈರಿಯೋರು ಇಷ್ಟೊಂದು ಎತ್ತು ಯಾಕೆ ಸಾಕ್ತಾರೆ?"

ಅಚ್ಯುತನ ಕಿವಿ ಕೆಂಪಾಯಿತು. ನಾನು ಮಗುವಿಗೆ ಹಾಲು ಕೊಡುತ್ತಿದ್ದೆ. ಮುಖವೆತ್ತದೆ ಹೇಳಿದೆ: "ಗಾಡಿ ಎಳೆಯೋಕಮ್ಮ. ತಾಳೆ ಗೊನೆ ತೋಟದಿಂದ ರೋಡಿಗೆ ಸಾಗಿಸೋಕೆ. ಒಂದೊಂದು ಗೊನೆ ಇಪ್ಪತ್ತು ಕೆ.ಜಿ. ಇರುತ್ತೆ, ಮನುಷ್ಯರು ಹೊರೋಕಾಗುತ್ತಾ?"

ಹಿಂದೆ ಕೆಲವು ತೋಟಗಳಲ್ಲಿ ಹಾಗೆ ಗಾಡಿ ಇದ್ದದ್ದು ನಿಜವೇ. ಅಚ್ಯುತ ಯಾವಾಗಲೋ ಹೇಳಿದ್ದು ಆ ಹೊತ್ತಿಗೆ ನನ್ನ ಬಾಯಿಗೆ ಬಂತು. ಅಮ್ಮ ತಕ್ಷಣ ನಂಬಿದಳು. ಅಷ್ಟೇ ಅಲ್ಲ, ಅವಳ ದನಿಯೇ ಬದಲಾಯಿತು. "ಹಾಗಾದ್ರೆ ಬೇಗ ಮೈ ತುಂಬಬೇಕು. ಬಡಕಲು ಎತ್ತಿಗೆ ನೊಗ ಹಾಕಿದ್ರೆ ಹೆಗಲು ಕೆಟ್ಟೋಗುತ್ತೆ, ಜೀವಮಾನ ಪೂರ್ತಿ ನರಳ್ತವೆ" ಎಂದು ನಾಗಮಣಿಗೂ ಹೇಳಿದಳು. ನಾಗಮಣಿ ಪರದೆಯಲ್ಲಿ ನನ್ನನ್ನು ಹುಡುಕುತ್ತಿದ್ದ ಹಾಗೆ ಕಂಡಿತು.

ಅವತ್ತು ಮಧ್ಯಾಹ್ನ ಅಮ್ಮ ಸ್ನಾನಕ್ಕೆ ಹೋದಾಗ ನಾನೇ ನಾಗಮಣಿಗೆ ಫೋನ್ ಮಾಡಿದೆ. ನನ್ನ ಅರೆಬರೆ ತಮಿಳಿನಲ್ಲಿ, ಅಮ್ಮನಿಗೆ ಮಾಂಸದ ದನ ಎಂದು ಹೇಳಬೇಡಿ, ಗಾಡಿಯ ಎತ್ತು ಎಂದೇ ಇರಲಿ ಎಂದೆ. "ಸರಿಮ್ಮಾ. ಲಾರಿ ಬರೋ ದಿನ ನಾನೂ ಅಲ್ಲಿರಲ್ಲ, ಲೀವ್ ಹಾಕ್ತೀನಿ. ಹದಿನೇಳು ವರ್ಷದಿಂದ ಹಾಗೇ ಮಾಡ್ಕೊಂಡು ಬಂದಿದ್ದೀನಿ" ಅಂದಳು. ನನಗೆ ಹಾಯೆನಿಸಿತು.

ಅಲ್ಲಿಂದ ದಿನಾ ಸಂಜೆ ನಾಲ್ಕಕ್ಕೆ ನಾಗಮಣಿಯ ವಿಡಿಯೋ ಕಾಲ್ ಬರತೊಡಗಿತು. ಅಚ್ಯುತನಿಗಲ್ಲ, ಅಮ್ಮನಿಗೆ. ಅಮ್ಮ ಮೂರೂವರೆಗೇ ಮುಖ ತೊಳೆದು ಕುಂಕುಮ ಇಟ್ಟುಕೊಂಡು ಸೋಫಾದ ಮೇಲೆ ಕೂರುತ್ತಿದ್ದಳು. ಇಬ್ಬರೂ ಅಕ್ಕ ತಂಗಿಯರ ಹಾಗೆ ಮಾತು. ಯಾವುದು ತೊಟ್ಟಿಗೆ ಬಂತು, ಯಾವುದು ಬರಲಿಲ್ಲ, ಯಾವುದರ ಸಗಣಿ ಗಟ್ಟಿಯಾಗಿದೆ. ಅವುಗಳ ಕಿವಿಯ ಓಲೆಯಲ್ಲಿ ನಂಬರು ಇತ್ತು, ಅಮ್ಮನಿಗೆ ನಂಬರು ಒಗ್ಗಲಿಲ್ಲ. ಕರಿಯ, ಬೂದ, ಗಿಡ್ಡ, ಮೊಂಡುಕೊಂಬಿನವನು, ಚಂದ್ರ ಎಂದೆಲ್ಲ ಹೆಸರಿಟ್ಟಳು. ಗಿಡ್ಡ ಎಂಬುದು ಗೋಣಿಚೀಲ ಕಂಡರೆ ಹೆದರಿ ವಾಪಸ್ಸು ಹೋಗುತ್ತಿತ್ತು. ಅಮ್ಮ ಫೋನಿನಲ್ಲೇ, "ಬಾ ಬಾ ಬಾ, ಏನೂ ಆಗಲ್ಲ ಬಾರೋ" ಎಂದು ಕರೆದಳು. ನಾಗಮಣಿ ತೊಟ್ಟಿಯ ಆಚೆ ನಿಂತು ಸ್ಪೀಕರ್ ಹಾಕಿ ಹಿಡಿದಿದ್ದಳು. ನಾಲ್ಕು ದಿನ ಕರೆದ ಮೇಲೆ ಗಿಡ್ಡ ಬಂತು. ನಾನು ಒಳಗಿನಿಂದ, "ಅಮ್ಮ, ಪಕ್ಕದ ಮನೆ ಚೈನೀಸ್ ಆಂಟಿ ನಮ್ಮನ್ನ ಏನಂದ್ಕೋತಾರೆ" ಎಂದು ರೇಗಿಸುತ್ತಿದ್ದೆ. ಒಂದು ದಿನ ಅಮ್ಮ, "ಇವಕ್ಕಿನ್ನೂ ಮೂಗುದಾರ ಹಾಕಿಲ್ಲವಲ್ಲ, ಗಾಡಿಗೆ ಕಲಿಸೋದು ಯಾವಾಗ" ಎಂದು ಕೇಳಿದಳು. ನಾಗಮಣಿ, ಹಾಕ್ತಾರೆ ಅಕ್ಕಾ, ಆಮೇಲೆ ಹಾಕ್ತಾರೆ, ಎಂದು ಮಾತು ಮುಗಿಸಿದಳು.

ಹತ್ತು ದಿನದಲ್ಲಿ ತೊಟ್ಟಿ ಖಾಲಿಯಾಗತೊಡಗಿತು. ಮೂರು ವಾರದಲ್ಲಿ ಬೆನ್ನ ಮೇಲಿನ ನೊಣ ಎಣಿಸುವಷ್ಟಕ್ಕೆ ಬಂತು. ದನಗಳು ಗುಂಪು ಬಿಟ್ಟು ಹರಡಿ ಮೇಯತೊಡಗಿದವು. ಎರಡು ವಾರಕ್ಕೆಂದು ಹೇಳಿದ್ದ ಬೆಲ್ಲವನ್ನು ಅಮ್ಮ ನಿಲ್ಲಿಸಲಿಲ್ಲ, "ತಿನ್ನಲಿ ಬಿಡು, ದುಡಿಯೋ ಜೀವ" ಅಂದಳು. ಫೆಬ್ರವರಿ ಕೊನೆಗೆ ಅಚ್ಯುತ ತೂಕದ ಪಟ್ಟಿ ಹಿಡಿದು ಕುಣಿಯುವುದೊಂದು ಬಾಕಿ. ಅವನ ಬಾಸು ಬೆನ್ನು ತಟ್ಟಿದನಂತೆ. ನನಗೆ ತಡೆಯಲಾಗಲಿಲ್ಲ. "ಎಲ್ಲಾ ನೀನೇ ಮಾಡ್ದಂಗೆ ಬೀಗಬೇಡ. ತೋಟದ ಮ್ಯಾನೇಜರ್‌ಗೆ ಹೇಳು ಇದು ನಮ್ಮಮ್ಮನ ಐಡಿಯಾ ಅಂತ. ಅಮ್ಮನಿಗೂ ಒಂದು ಕ್ರೆಡಿಟ್ ಬೇಡ್ವಾ?" ಎಂದು ಹಟ ಮಾಡಿದೆ. ಅವನು ಪಾಪ, ಹೇಳಿದ. ನನ್ನ ನಾಲಿಗೆ ಅವತ್ತು ಸುಮ್ಮನಿದ್ದಿದ್ದರೆ ಅಮ್ಮ ಏನೂ ಗೊತ್ತಿಲ್ಲದೆ ಊರಿಗೆ ಹೋಗುತ್ತಿದ್ದಳು.

ಏಪ್ರಿಲ್ ಕೊನೆಗೆ ಅಮ್ಮ ಹೊರಡಬೇಕು. ಹೊರಡುವ ಮುಂಚೆ ಒಂದು ಸಲ ದನಗಳನ್ನು ನೋಡಬೇಕೆಂದಳು. ನಾನು ಬಿಸಿಲು, ದೂರ, ವೀಸಾ ಎಂದೆಲ್ಲ ನೆಪ ತೆಗೆದೆ. "ಸಿಂಗಪುರಕ್ಕೆ ಬಂದು ಮೃಗಾಲಯ ನೋಡಿದೆ, ಹೂವಿನ ತೋಟ ನೋಡಿದೆ. ನಂಗೆ ಅದ್ಯಾವುದೂ ಬೇಕಿರಲಿಲ್ಲ ಕಣೇ. ಇದೊಂದು ತೋರ್ಸಿಬಿಡು" ಅಂದಾಗ ಬೇಡವೆನ್ನಲು ಬಾಯಿ ಬರಲಿಲ್ಲ. ಅಚ್ಯುತ ವೀಸಾ ಮಾಡಿಸಿದ. ಲಾರಿ ಏಪ್ರಿಲ್ ಕೊನೆಯ ಮುಂಚೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ತೊಂಬತ್ತು ದಿನದ ಟ್ರಯಲ್ ಮುಗಿದು ತೂಕ ಬಂದ ಮೇಲಲ್ಲವೇ. ಅದೇ ಧೈರ್ಯದ ಮೇಲೆ ನಾನೂ ಒಪ್ಪಿದೆ. ನಾಗಮಣಿಯೂ ದಿನಾ ಮಾತಾಡುತ್ತಿದ್ದಳು, ಏನೂ ಹೇಳಿರಲಿಲ್ಲ. ಮಾರ್ಚ್ ಕೊನೆಯ ವಾರ ಮಾತ್ರ ಎರಡು ದಿನ ಅವಳ ಕಾಲ್ ಬಂದಿರಲಿಲ್ಲ, ಜ್ವರ ಅಂದಿದ್ದಳು.

ಏಪ್ರಿಲ್ ಒಂಬತ್ತು, ಶನಿವಾರ. ಹಾಲು ಹಿಂಡಿಟ್ಟು, ಚಿರಂತ್‌ನನ್ನು ನಮ್ಮ ಬ್ಲಾಕಿನಲ್ಲೇ ಇರುವ ಗೆಳತಿ ಪ್ರಣತಿಯ ಹತ್ತಿರ ಬಿಟ್ಟು ಬೆಳಗ್ಗೆ ಆರಕ್ಕೇ ಹೊರಟೆವು. ಅಮ್ಮ ಟೆಕ್ಕಾ ಮಾರ್ಕೆಟ್ಟಿನಿಂದ ತರಿಸಿದ ನಾಲ್ಕು ಅಚ್ಚು ಬೆಲ್ಲ, ಒಂದು ಪೊಟ್ಟಣ ಕಲ್ಲುಪ್ಪು, ನಾಗಮಣಿಗೆ ಒಂದು ಮೈಸೂರು ಸಿಲ್ಕ್ ರವಿಕೆ ಬಟ್ಟೆ ಕಟ್ಟಿಕೊಂಡಿದ್ದಳು. ದಾರಿಯುದ್ದಕ್ಕೂ ಎರಡೂ ಕಡೆ ಬರೀ ತಾಳೆ. "ಗಾಡಿ ಒಂದೂ ಕಾಣಲ್ವಲ್ಲ" ಎಂದಳು ಒಮ್ಮೆ. ಅಚ್ಯುತ ಎಫ್‌ಎಂ ಜೋರು ಮಾಡಿದ.

ತೋಟದಲ್ಲಿ ನಾಗಮಣಿ ಕಾಯುತ್ತಿದ್ದಳು. ಇಬ್ಬರೂ ಕೈ ಕೈ ಹಿಡಿದುಕೊಂಡು ನಿಂತರು. ಅಮ್ಮನ ಕಣ್ಣು ಆಗಲೇ ಮರಗಳ ನಡುವೆ ಹುಡುಕುತ್ತಿತ್ತು. ಎಣ್ಣೆ ಕುಡಿದು ಕರ್ರಗಾಗಿದ್ದ ಗೋಣಿಚೀಲಗಳು, ನೆಕ್ಕಿ ನೆಕ್ಕಿ ನುಣುಪಾದ ತೊಟ್ಟಿ. ದನಗಳ ಮೈ ಮಿರಮಿರ ಹೊಳೆಯುತ್ತಿತ್ತು. ಅಮ್ಮ, "ಬಾ ಬಾ ಬಾ" ಅಂದದ್ದೇ ತಡ, ಹತ್ತು ಹದಿನೈದು ದನ ತಲೆಯೆತ್ತಿ ನೋಡಿದವು. ಆಮೇಲೆ ಒಂದೊಂದಾಗಿ ಬಂದವು. ಫೋನಿನ ದನಿಯನ್ನು ಅವು ಮನುಷ್ಯರ ಬಾಯಲ್ಲಿ ಗುರುತು ಹಿಡಿದವು. ಅಮ್ಮ ಅತ್ತೇಬಿಟ್ಟಳು. ಗಿಡ್ಡ ಬಂದು ಅವಳ ಅಂಗೈ ಮೇಲಿನ ಬೆಲ್ಲದ ಪುಡಿ ನೆಕ್ಕತೊಡಗಿತು. ಚಂದ್ರ ಅದರ ಹಿಂದೆ ನಿಂತಿತ್ತು.

"ಕರಿಯ ಎಲ್ಲಿ?" ಎಂದಳು ಅಮ್ಮ. "ಬೂದ? ಮೊಂಡುಕೊಂಬಿನವನು?"

ನಾಗಮಣಿ ನನ್ನ ಕಡೆ ನೋಡಿದಳು. ನಾನು ಅಚ್ಯುತನ ಕಡೆ ನೋಡಿದೆ. ಅವನು ದನಗಳನ್ನು ಎಣಿಸುತ್ತಿದ್ದ, ಅವನ ಮುಖ ನೋಡಿದರೇ ತಿಳಿಯುತ್ತಿತ್ತು ಅವನಿಗೂ ಗೊತ್ತಿರಲಿಲ್ಲವೆಂದು.

"ಇಷ್ಟು ಬೇಗ ಗಾಡಿಗೆ ಹಾಕಿದ್ರಾ? ಇನ್ನೂ ಹೆಗಲು ಬಲಿತಿಲ್ಲವಲ್ಲ ನಾಗಮಣಿ" ಎಂದು ಅಮ್ಮ ಕೇಳುತ್ತಿದ್ದಂತೆ ಮ್ಯಾನೇಜರ್ ಸಂಪತ್ ಮೋಟರ್ ಬೈಕಿನಲ್ಲಿ ಬಂದಿಳಿದ. ಒಳ್ಳೆಯ ಮನುಷ್ಯ, ಕೈಮುಗಿದುಕೊಂಡೇ ಬಂದ. ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ತಮಿಳಿನಲ್ಲಿ ಶುರು ಮಾಡಿದ.

"ಅಮ್ಮಾ, ನಿಮ್ಮ ಕೈ ದೊಡ್ಡ ಕೈ. ತೊಂಬತ್ತು ದಿನಕ್ಕೆ ಬರೋ ತೂಕ ಅರವತ್ತೇ ದಿನಕ್ಕೆ ಬಂತು. ಡಾಕ್ಟರ್‌ಗೆ ಸರ್‌ಪ್ರೈಸ್ ಆಗಿ ಹೇಳೋಣ ಅಂತ ನಾನೇ ಹೇಳಿರಲಿಲ್ಲ. ಮೊದಲನೇ ಲಾರಿ ಮಾರ್ಚಲ್ಲೇ ಕಳಿಸಿಬಿಟ್ಟೆ. ಹದಿನೇಳು ದನ. ಒಂದು ತಿಂಗಳ ಮುಂಚೇನೆ."

"ಎಲ್ಲಿಗೆ ಕಳಿಸಿದ್ರಿ?" ಅಂದಳು ಅಮ್ಮ.

"ಕಸಾಯಿಖಾನೆಗಮ್ಮಾ" ಅಂದ ಸಂಪತ್. ಮತ್ತೆಲ್ಲಿಗೆ ಎನ್ನುವ ಹಾಗೆ ಅಚ್ಯುತನನ್ನು ನೋಡಿದ. ಅವನ ತಪ್ಪೇನಿದೆ. ಅವನಿಗೆ ನಾವು ಯಾರೂ ಏನೂ ಹೇಳಿರಲಿಲ್ಲ.

ಗಿಡ್ಡ ಇನ್ನೂ ಅಮ್ಮನ ಕೈ ನೆಕ್ಕುತ್ತಿತ್ತು. ಅಮ್ಮ ಕೈ ಎಳೆದುಕೊಳ್ಳಲಿಲ್ಲ. ಅದು ಬೆಲ್ಲ ಪೂರ್ತಿ ಮುಗಿಸುವವರೆಗೆ ಹಾಗೇ ನಿಂತಿದ್ದಳು. ಆಮೇಲೆ ಒಂದೇ ಮಾತು ಕೇಳಿದಳು, ಮುಂದಿನ ಲಾರಿ ಯಾವತ್ತು ಎಂದು. ಹದಿನೆಂಟನೇ ತಾರೀಖು, ಸೋಮವಾರ, ಇಪ್ಪತ್ತೆರಡು ದನ, ಎಂದ ಸಂಪತ್. ಅಮ್ಮ ತಲೆಯಾಡಿಸಿ, ಉಳಿದ ಬೆಲ್ಲವನ್ನು ನಾಗಮಣಿಯ ಕೈಗೆ ಕೊಡದೆ ಚೀಲಕ್ಕೆ ಹಾಕಿಕೊಂಡಳು. ರವಿಕೆ ಬಟ್ಟೆ ಕೊಟ್ಟಳು. ನಾಗಮಣಿ ಅದನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು.

ವಾಪಸ್ಸು ಬರುವಾಗ ಸೇತುವೆಯ ಮೇಲೆ ಕಾರುಗಳ ಸಾಲು ಎರಡು ಗಂಟೆ ಅಲ್ಲಾಡಲಿಲ್ಲ. ನನಗೆ ಎದೆಯಲ್ಲಿ ಹಾಲು ಕಟ್ಟಿ ನೋವು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ, ಹೊರಬಂದದ್ದು ಸಿಡುಕು.

"ಏನ್ ಮಾಡ್ಬೇಕಿತ್ತು ನಾನು? ಹೇಳಿದ್ರೆ ನೀನು ನಮ್ಮನೇಲಿ ನೀರೂ ಕುಡೀತಿರಲಿಲ್ಲ. ಮದುವೇನೇ ಮಾಡ್ತಿರಲಿಲ್ಲ."

"ಮಾಡ್ತಿದ್ದೆ" ಅಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ಇಪ್ಪತ್ತೆರಡು ವರ್ಷ ಸೊಸೈಟಿ ನಡೆಸಿದ್ದೀನಿ. ಊರಿನ ಗಂಡು ಕರುಗಳೆಲ್ಲ ಎಲ್ಲಿಗೆ ಹೋಗ್ತಿದ್ವು ಅಂತ ನಂಗೊತ್ತಿಲ್ವೇನೇ? ನಮ್ಮ ಮನೇದೂ ಹೋಗಿವೆ. ಕೊಟ್ಟ ದಿನ ಊಟ ಬಿಟ್ಟಿದ್ದೀನಿ, ಮಾರನೇ ದಿನ ಮತ್ತೆ ಹಾಲು ಕರೆದಿದ್ದೀನಿ. ಅಳಿಯಂದ್ರು ಮಾಡೋದೂ ಒಂದು ಕೆಲಸ. ನನ್ನನ್ನೇನು ಎಳೇ ಮಗು ಅಂದ್ಕೊಂಡ್ಯಾ ನೀನು?"

ಅಚ್ಯುತ, "ಸಾರಿ ಅತ್ತೆ, ನಾನಾದ್ರೂ ಹೇಳ್ಬೇಕಿತ್ತು" ಎಂದ.

"ಗೊತ್ತಿದ್ದಿದ್ರೆ ನೊಣಕ್ಕೆ ಮಾತ್ರ ಹೇಳಿಕೊಡ್ತಿದ್ದೆ" ಎಂದಳು ಅಮ್ಮ. "ಇರೋವರ್ಗೂ ಕಚ್ಚಿಸ್ಕೊಳ್ಳದೆ ಇರ್ಲಿ ಅಂತ. ಬೆಲ್ಲ ಹಾಕು, ಬೇಗ ಮೈ ತುಂಬಿಸು ಅಂತಿರಲಿಲ್ಲ. ಅಷ್ಟೂ ದಿನ ತಿನ್ನು ತಿನ್ನು ಅಂತ ಕೂಗಿದೆನಲ್ಲ ನಾನು. ನನ್ನಿಂದ ಅವಕ್ಕೆ ಒಂದು ತಿಂಗಳು ಕಡಿಮೆ ಆಯ್ತು."

"ಹೋಗೋದು ಹೆಂಗಿದ್ರೂ ಹೋಗೋವೇ ಅಲ್ವೇನಮ್ಮ. ಒಂದು ತಿಂಗಳು ಆಚೆ ಈಚೆ, ಏನು ಮಹಾ ವ್ಯತ್ಯಾಸ?"

ಅಂದ ಕೂಡಲೇ ಅನ್ನಬಾರದಿತ್ತು ಎನಿಸಿತು. ಅಮ್ಮ ಕಿಟಕಿಯ ಆಚೆ ನೀರು ನೋಡುತ್ತಿದ್ದಳು.

"ನಿಮ್ಮಪ್ಪನಿಗೆ ಡಾಕ್ಟ್ರು ಇನ್ನೊಂದೇ ತಿಂಗಳು ಅಂದ್ರು. ನೀನು ರಜ ಹಾಕಿ ಬಂದೆ. ಬೆಳಗ್ಗೆ ಎಳೇ ಬಿಸಿಲಿಗೆ ಚೇರ್ ಹಾಕ್ಕೊಡ್ತಿದ್ದೆ, ಪೇಪರ್ ಓದಿ ಹೇಳ್ತಿದ್ದೆ. ಒಂದಿನ ಸೀಬೆಹಣ್ಣು ಬೇಕು ಅಂದ್ರು, ನೀನೇ ಹುಡುಕ್ಕೊಂಡು ತಂದೆ. ಯಾರಾದ್ರೂ ಬಂದು ಆ ತಿಂಗಳು ಬೇಡ ಬಿಡಿ, ಹೆಂಗಿದ್ರೂ ಹೋಗೋರೇ ಅಂದಿದ್ರೆ ನೀನು ಸುಮ್ನಿರ್ತಿದ್ಯಾ?"

ಮುಖ ಮುಚ್ಚಿಕೊಂಡು ಅತ್ತೆ. ಅಮ್ಮ ನನ್ನ ಬೆನ್ನು ಸವರಿದಳು. ಅವಳು ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಎರಡು ದಿನ ನಾಲ್ಕು ಗಂಟೆಗೆ ಫೋನು ಹೊಡೆದುಕೊಂಡು ಸುಮ್ಮನಾಯಿತು. ಅಮ್ಮ ಎತ್ತಲಿಲ್ಲ. ಮೂರನೇ ದಿನ ಎತ್ತಿದಳು. ನಾನು ಪಕ್ಕದ ಕೋಣೆಯಲ್ಲಿ ಮಗುವನ್ನು ಮಲಗಿಸುತ್ತಿದ್ದೆ, ಅವಳ ತಮಿಳು ಒಂದೊಂದು ಮಾತೂ ಕೇಳುತ್ತಿತ್ತು. "ಚೀಲಕ್ಕೆ ಎಣ್ಣೆ ತಪ್ಪಿಸಬೇಡ, ನೊಣ ಕೂರಬಾರದು. ಬೆಲ್ಲ ಮಾತ್ರ ಇವತ್ತಿಂದ ಬೇಡ. ತೊಟ್ಟೀನ ಮತ್ತೆ ಗೇಟಿನ ಹತ್ರ ಎಳೆಸಿಬಿಡು. ಯಾರಾದ್ರೂ ಕೇಳಿದ್ರೆ ನಾನು ಹೇಳ್ದೆ ಅನ್ನು." ಅಚ್ಯುತ ಎರಡು ವರ್ಷ ಓಡಾಡಿ ಒಪ್ಪಿಸಿದ್ದು ಆ ಟ್ರಯಲ್. ಅವನಿಗೆ ಹೇಳಬೇಕಾದದ್ದು ಹೆಂಡತಿಯಾಗಿ ನನ್ನ ಧರ್ಮ. ಗುರುವಾರ ಅವನು ಫೋನು ನೋಡುತ್ತ, "ಯಾಕೋ ಮತ್ತೆ ತಿಂತಿಲ್ಲ, ತೊಟ್ಟಿ ತುಂಬಿದಂಗೇ ಇದೆ" ಎಂದು ತಲೆ ಕೆರೆದುಕೊಂಡ. "ಬಿಸಿಲಿಗಿರಬೇಕು ಬಿಡು" ಎಂದೆ. ಮುಖ ಹೇಗಿಟ್ಟುಕೊಳ್ಳಬೇಕೆಂದು ನನಗೆ ಗೊತ್ತಲ್ಲ. ಅವನು ನನ್ನನ್ನೂ ನೋಡಿದ, ಅಮ್ಮನನ್ನೂ ನೋಡಿದ, ಮತ್ತೆ ಆ ಮಾತು ಎತ್ತಲಿಲ್ಲ.

ಅದರಿಂದ ಏನೂ ಆಗಲಿಲ್ಲ. ಆರು ದಿನದಲ್ಲಿ ದನ ಎಷ್ಟು ಇಳಿದೀತು. ಲಾರಿ ಮೊದಲೇ ನಿಗದಿಯಾಗಿತ್ತು, ಯಾರೂ ಇನ್ನೊಂದು ಸಲ ತೂಕ ಹಾಕಲಿಲ್ಲ. ಭಾನುವಾರ ಸಂಜೆ ನಾಗಮಣಿ ಫೋನು ಮಾಡಿ, ಹೋಗುವ ದನಗಳಿಗೆ ಬಣ್ಣ ಹಚ್ಚಿ ಗುರುತು ಮಾಡಿದ್ದಾರೆ, ಗಿಡ್ಡ ಇದೆ, ಚಂದ್ರ ಇದೆ, ನಾಳೆ ನಾನು ಲೀವ್ ಅಕ್ಕಾ, ಎಂದಳು.

"ಲೀವ್ ಹಾಕಬೇಡ" ಎಂದಳು ಅಮ್ಮ. "ನೀನು ಅಲ್ಲಿರು. ಫೋನ್ ಹಿಡ್ಕೊಂಡು ನಿಂತ್ಕೋ. ನನ್ನ ಮಾತು ಕೇಳಿ ತಿಂದ ದನಗಳು. ಕಳಿಸಿಕೊಡೋವಾಗ ನಾನು ಮನೇಲಿ ಬಚ್ಚಿಟ್ಟುಕೊಳ್ಳಬಾರದು."

ಸೋಮವಾರ ಬೆಳಗ್ಗೆ ಎಂಟು ಗಂಟೆ. ಅಚ್ಯುತ ಆಫೀಸಿಗೆ ಹೋಗಿದ್ದ. ಅಮ್ಮ ತಲೆಗೆ ಸ್ನಾನ ಮಾಡಿ ಸೋಫಾದಲ್ಲಿ ಕೂತಿದ್ದಳು. ಫೋನು ನಾನು ಹಿಡಿದೆ. ಪರದೆಯಲ್ಲಿ ಲಾರಿಯ ಹಿಂಬದಿ, ನೆಲಕ್ಕೆ ಇಳಿಜಾರಾಗಿ ಒರಗಿಸಿದ ಹಲಗೆ, ಕೋಲು ಹಿಡಿದ ಇಬ್ಬರು ಗಂಡಸರು. ಮೊದಲನೇ ದನ ಹಲಗೆಯ ಹತ್ತಿರ ಬಂದು ಮುಂಗಾಲು ಊರಿ ನಿಂತುಬಿಟ್ಟಿತು. ಒಬ್ಬ ಕೋಲೆತ್ತಿ ಬೆನ್ನ ಮೇಲೆ ಹೊಡೆದ. ಆ ಸದ್ದು ನಮ್ಮ ಹಾಲ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಹೊಡೀಬೇಡ ಅನ್ನು" ಎಂದಳು ಅಮ್ಮ. "ನಾಗಮಣಿ, ಅವರಿಗೆ ಹೊಡೀಬೇಡಿ ಅನ್ನು."

ನಾಗಮಣಿ ಹೇಳಿದಳು. ಅವರು ಏನೋ ಗೊಣಗಿ ಮತ್ತೆ ಕೋಲೆತ್ತಿದರು. ದನ ಹೆದರಿ ಹಿಂದಕ್ಕೆ ಸರಿಯಿತು, ಹಿಂದಿನವು ಬೆದರಿದವು. ಮತ್ತೆ ಎರಡು ಪೆಟ್ಟು ಬಿತ್ತು. ಅಮ್ಮ ಒಂದು ಕ್ಷಣ ಕಣ್ಣು ಮುಚ್ಚಿದಳು.

"ನಾಗಮಣಿ, ನೀನು ಲಾರಿಯೊಳಗೆ ಹತ್ತು" ಎಂದಳು. "ಒಳಗಡೆ ಮೂಲೇಲಿ ನಿಂತ್ಕೋ. ಸ್ಪೀಕರ್ ಜೋರು ಮಾಡು."

ನಾಗಮಣಿ ಹತ್ತಿದಳು. ಈಗ ಪರದೆಯಲ್ಲಿ ಲಾರಿಯ ಒಳಗಿನಿಂದ ಹಲಗೆ, ಅದರ ತುದಿಯಲ್ಲಿ ನಿಂತ ದನಗಳ ಮುಖ ಕಾಣುತ್ತಿತ್ತು. ಅಮ್ಮ ಏನು ಮಾಡಲು ಹೊರಟಿದ್ದಾಳೆಂದು ಆಗ ನನಗೆ ಅರ್ಥವಾಯಿತು. ಬೇಡಮ್ಮ ಎಂದೆ. ಅವಳು ನನ್ನ ಕೈಯನ್ನು ಫೋನಿನ ಸಮೇತ ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

"ಬಾ ಬಾ ಬಾ" ಎಂದು ಕರೆದಳು. "ಬಾರೋ ಗಿಡ್ಡ, ಏನೂ ಆಗಲ್ಲ ಬಾ. ಚಂದ್ರ, ಬಾ ಬಾ."

ಗಿಡ್ಡ ಕಿವಿ ನಿಮಿರಿಸಿತು. ಹಲಗೆಯನ್ನು ಮೂಸಿ ನೋಡಿತು. ಆಮೇಲೆ ಹತ್ತಿ ಬಂತು, ಫೋನಿನ ಹತ್ತಿರವೇ ಬಂದು ಮೂತಿ ಚಾಚಿತು. ಅದರ ಹಿಂದೆ ಚಂದ್ರ ಬಂತು, ಚಂದ್ರನ ಹಿಂದೆ ಉಳಿದವು. ಅಮ್ಮನ ಕೆನ್ನೆಯ ಮೇಲೆ ನೀರು ಸುರಿಯುತ್ತಿತ್ತು, ದನಿ ಮಾತ್ರ ನಡುಗಲು ಬಿಡಲಿಲ್ಲ. ಹೆಸರಿದ್ದವನ್ನು ಹೆಸರು ಹಿಡಿದು, ಇಲ್ಲದವನ್ನು ಮಗನೇ ಎಂದು ಕರೆದಳು. ಇಪ್ಪತ್ತೆರಡೂ ಹತ್ತಿದವು. ಅವಳು ಕರೆಯತೊಡಗಿದ ಮೇಲೆ ಒಂದಕ್ಕೂ ಪೆಟ್ಟು ಬೀಳಲಿಲ್ಲ.